ಸಾಸರ್ ಕೆಳಗಿನ ಚೀಟಿ

ಗುರುವಾರ, ತಾರೀಖು ಹತ್ತೊಂಬತ್ತು
ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದಿನ ಗೂಬೆಮರಿಗೆ ನಿನ್ನ ಮಾಮನ ಆಶೀರ್ವಾದಗಳು.

ಅಕ್ಷರ ನೋಡಿ ನಗಬೇಡ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಆದರೆ ಆ ಏಳು ವರ್ಷವೂ ದುಂಡಕ್ಷರದಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಮ್ಮ ಮೇಷ್ಟ್ರು ನನ್ನ ಸ್ಲೇಟನ್ನು ಬೇರೆ ಹುಡುಗರಿಗೆ ತೋರಿಸಿ ತೋರಿಸಿ ಅವರನ್ನು ಹೊಡೆಯುತ್ತಿದ್ದರು. ಈಗ ಸಾಲು ಓರೆಯಾಗಿ ಕೆಳಗಿಳಿಯುತ್ತಿದ್ದರೆ ಅದು ವಯಸ್ಸಿನ ತಪ್ಪಲ್ಲ. ಬೆಳಿಗ್ಗೆಯಿಂದ ಮೂರು ಹಾಳೆ ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು.

ನೀನು ಮನೆ ಬಿಟ್ಟು ಹಾಸ್ಟೆಲ್ಲಿಗೆ ಹೋಗಿ ಇವತ್ತಿಗೆ ಹದಿನೈದು ದಿನ. ಫೋನ್ ಎತ್ತುವುದಿಲ್ಲ ಎಂದು ಪಣ ತೊಟ್ಟಿದ್ದೀಯ. ಅದಕ್ಕೇ ಪತ್ರ. ನಿಮ್ಮಮ್ಮ ಊಟಕ್ಕೆ ಈಗಲೂ ನಾಲ್ಕು ತಟ್ಟೆ ಇಡುತ್ತಾಳೆ, ಆಮೇಲೆ ಒಂದನ್ನು ಸದ್ದಾಗದ ಹಾಗೆ ಎತ್ತಿಡುತ್ತಾಳೆ. ಭಾವ ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ, ಆದರೆ ತುಳಿಯುವುದಿಲ್ಲ. ನಿನ್ನ ಇಂಟರ್‌ವ್ಯೂ ಕೋಟನ್ನು ಅವರು ಮೂರು ವರ್ಷದಲ್ಲಿ ಮೂರು ಸಲ ಒಳಕ್ಕೆ ಹಿಡಿದು ಹೊಲಿದರು, ಅಷ್ಟು ಇಳಿದುಹೋಗಿದ್ದೀಯ ನೀನು. ಆ ಕೋಟು ಈಗಲೂ ಅಂಗಡಿಯ ಮೊಳೆಗೆ ನೇತುಬಿದ್ದಿದೆ. ಗಿರಾಕಿಗಳು ಯಾರದು ಅಂತ ಕೇಳಿದರೆ ಭಾವ ಅಳತೆಪಟ್ಟಿ ಹುಡುಕುವ ನೆವ ಮಾಡಿ ಮುಖ ತಿರುಗಿಸುತ್ತಾರೆ.

ಮೊನ್ನೆ ನಿನ್ನ ರೂಮಿನ ನರ್ಸಮ್ಮ ನಿಮ್ಮಮ್ಮನಿಗೆ ಫೋನ್ ಮಾಡಿದ್ದಳು. ನೀನು ಬೈಯಬಾರದು, ಹುಡುಗಿ ಹೆದರಿ ಮಾಡಿದ್ದು. ಎಮರ್ಜೆನ್ಸಿಯಲ್ಲಿ ಒಬ್ಬ ಮುದುಕನ ಮಣಿಕಟ್ಟಿನ ಎಕ್ಸ್‌ರೇ ಬಂದಿತ್ತಂತೆ. ಮೂಳೆ ಮುರಿದದ್ದು ದಾರಿಯಲ್ಲಿ ಹೋಗುವವನಿಗೂ ಕಾಣುವಂತಿತ್ತಂತೆ. ನೀನು ಅದನ್ನು ಹಿಡಿದುಕೊಂಡು ಒಬ್ಬರಾದ ಮೇಲೆ ಒಬ್ಬರಂತೆ ಮೂವರನ್ನು ಕೇಳಿದೆಯಂತೆ. "ಇದು ಮುರಿದಿದೆ ತಾನೇ? ನನಗೊಬ್ಬಳಿಗೇ ಹಾಗೆ ಕಾಣ್ತಾ ಇಲ್ಲ ತಾನೇ?" ಅಂತ. ಆ ಮೂವರಲ್ಲಿ ಒಬ್ಬಳು ನೆಲ ಒರೆಸುವವಳಂತೆ. ಮುಂದಿನ ತಿಂಗಳಿಂದ ಕೆಲಸವನ್ನೇ ಬಿಡುತ್ತೇನೆ ಎಂದು ಬರೆದು ಕೊಟ್ಟೆಯಂತೆ.

ಹೋಗುವ ದಿನ ಬಾಗಿಲಲ್ಲಿ ನಿಂತು ನಿಮ್ಮಮ್ಮನಿಗೆ ನೀನು ಹೇಳಿದ ಮಾತನ್ನು ನಾನು ಬಚ್ಚಲಿನಲ್ಲಿದ್ದುಕೊಂಡೇ ಕೇಳಿಸಿಕೊಂಡೆ. "ಈ ಸಲ ಚೆನ್ನಾಗಿ ಮಾಡಿದೀನಿ ಅಂತಾನೇ ಅಂದ್ಕೊಂಡಿದ್ದೆ ಅಮ್ಮಾ. ನಾನು ಸೋತಿದ್ದೇ ನನಗೆ ಕಾಣಿಸಲಿಲ್ಲ. ಇನ್ನು ಬೇರೆಯವರ ಎದೆಯೊಳಗಿನ ಚುಕ್ಕೆ ನನಗೆಲ್ಲಿ ಕಾಣತ್ತೆ?" ಅಂದೆ. ಹೊರಗೆ ಬಂದು ಒಂದು ಮಾತು ಆಡಬಹುದಿತ್ತು. ನಲ್ಲಿ ಜೋರಾಗಿ ತಿರುಗಿಸಿದೆ.

ನಿನ್ನ ಕಣ್ಣಿಗೆ ಏನೂ ಆಗಿಲ್ಲ ಮಗಳೇ. ಕೆಟ್ಟದ್ದು ನನ್ನ ಬಾಯಿ. ಅದು ಹೇಗೆ ಅನ್ನುವುದನ್ನು ಹೇಳುವುದಕ್ಕೇ ಕೂತಿದ್ದೇನೆ. ಸ್ವಲ್ಪ ಹಿಂದಿನಿಂದ ಬರುತ್ತೇನೆ, ಸಹಿಸಿಕೋ. ನೇರವಾಗಿ ವಿಷಯಕ್ಕೆ ಬರುವುದು ನನಗೆ ಹುಟ್ಟಿನಿಂದ ಬಂದಿಲ್ಲ.

ಎಕ್ಸ್‌ರೇ ವಿಭಾಗದಲ್ಲಿ ನಾನು ಮೂವತ್ತೊಂದು ವರ್ಷ ಸ್ಟ್ರೆಚರ್ ತಳ್ಳಿದವನು. ಸೇರಿದ ಕಾಲಕ್ಕೆ ಕಂಪ್ಯೂಟರ್ ಇರಲಿಲ್ಲ. ಕತ್ತಲೆಕೋಣೆಯಲ್ಲಿ ಫಿಲ್ಮ್ ತೊಳೆದು ತಂತಿಗೆ ನೇತುಹಾಕಿ ಒಣಗಿಸುವುದೂ ನನ್ನದೇ ಕೆಲಸ. ಒದ್ದೆ ಫಿಲ್ಮ್ ನೋಡಿ ಡಾಕ್ಟರಿಗಿಂತ ಮುಂಚೆ ನಾನು ಹೇಳುತ್ತಿದ್ದೆ, ಇದು ಕಲ್ಲು, ಇದು ಗಾಳಿ, ಇದು ಬದುಕಲ್ಲ ಅಂತ. ಹತ್ತಕ್ಕೆ ಒಂಬತ್ತು ಸರಿ. ಆಯಿತು, ಎಂಟು. ನಿನಗೆ ಆರು ವರ್ಷ ಇದ್ದಾಗ ಶಾಲೆಗೆ ರಜ ಅಂತ ನನ್ನ ಜೊತೆ ಬಂದಿದ್ದೆ. ಅಲಮಾರಿನ ಕೀಲಿಕೈ ನುಂಗಿದ ಮಗುವಿನ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದೆ. ನೀನು ಬಾಯಿ ಬಿಟ್ಟುಕೊಂಡು ನೋಡಿ, "ಮಾಮ, ಈಗ ಇವನ ಹೊಟ್ಟೆಯೊಳಗೆ ಯಾವ ಅಲಮಾರು ತೆಗೀಬೋದು?" ಅಂತ ಕೇಳಿದೆ. ಇಡೀ ವಿಭಾಗ ನಕ್ಕಿತು. ಅವತ್ತೇ ನಾನು ಎಲ್ಲರಿಗೂ ಸಾರಿಬಿಟ್ಟೆ, ಇವಳು ಇದೇ ಕತ್ತಲಲ್ಲಿ ಕೂತು ಓದುವ ಡಾಕ್ಟರಾಗುತ್ತಾಳೆ ಅಂತ. ಗೂಬೆಮರಿ ಅಂತ ಹೆಸರಿಟ್ಟದ್ದೂ ಅವತ್ತೇ.

ಎಂಬಿಬಿಎಸ್ ಮುಗಿಸಿ, ಎಕ್ಸ್‌ರೇ ಓದುವ ಡಾಕ್ಟರ ಸೀಟಿಗೆ ಮೊದಲ ಸಲ ಇಂಟರ್‌ವ್ಯೂಗೆ ಹೋದಾಗ ನೀನು ಪುಸ್ತಕ ಬಾಯಿಪಾಠ ಮಾಡಿಕೊಂಡು ಹೋದೆ. ಎರಡನೇ ಸಲ ಹೆದರಿಕೊಂಡು ಹೋದೆ. ಮೂರು ಸಲಕ್ಕಿಂತ ಹೆಚ್ಚು ಕೂರಿಸುವುದಿಲ್ಲ ಎಂಬ ನಿಯಮ ನಮಗೆಲ್ಲ ಗೊತ್ತಿತ್ತು. ಅದಕ್ಕೇ ಈ ಸಲದ ತಯಾರಿಗೆ ನಾನೇ ಇಳಿದೆ. ಭಾವನ ಕೋಟು ಹಾಕಿಕೊಂಡು, ನಿಮ್ಮಮ್ಮನ ಕನ್ನಡಕ ಮೂಗಿನ ತುದಿಗಿಟ್ಟುಕೊಂಡು, ಇದೇ ಮೇಜಿನ ಆಚೆ ಕೂತು ನಿನ್ನನ್ನು ಎಷ್ಟು ಕಾಡಿದೆ! "ಸ್ಟ್ರೆಚರಿಗೆ ಎಷ್ಟು ಚಕ್ರ? ಗೊತ್ತಿಲ್ವಾ? ಮುಂದಿನೋರನ್ನ ಕರೀರಿ!" ಅಂದರೆ ನೀನು ಪೆನ್ ಎಸೆಯುತ್ತಿದ್ದೆ. ಆದರೆ ನಿಜವಾಗಿ ಕಲಿತದ್ದೂ ಅಲ್ಲೇ. ಒಂದೇ ಸಿಟಿ ಮೆಷಿನ್ನು, ಹೊರಗೆ ಮೂವರು ರೋಗಿಗಳು, ಯಾರನ್ನು ಮೊದಲು ಒಳಗೆ ತಗೊಳ್ತೀಯ ಅಂತ ಕೇಳಿದಾಗ ಮೊದಮೊದಲು ನೀನು ನಿಯಮಗಳ ಪಟ್ಟಿ ಒಪ್ಪಿಸುತ್ತಿದ್ದೆ. ಆಮೇಲೆ ಒಂದು ದಿನ ತಡೆದು, "ಮೊದಲು ಆಚೆ ಹೋಗಿ ಮೂವರ ಮುಖ ನೋಡ್ತೀನಿ ಮಾಮ" ಅಂದೆ. ನಾನು ಕನ್ನಡಕ ತೆಗೆದಿಟ್ಟೆ. ಇನ್ನು ಇವಳಿಗೆ ಕಲಿಸುವುದು ಏನೂ ಉಳಿದಿಲ್ಲ ಅಂತ ನನಗೆ ಅವತ್ತೇ ಗೊತ್ತಾಯಿತು.

ಗೊತ್ತಾಗಿಯೂ ನಾನು ಮಾಡಿದ ಕೆಲಸವನ್ನು ಈಗ ಕೇಳು.

ನಮ್ಮ ವಿಭಾಗದ ದೊಡ್ಡ ಮೇಡಂ ಈ ಸಲ ಆಯ್ಕೆ ಮಂಡಳಿಯಲ್ಲಿದ್ದಾರೆ ಎಂಬ ಸುದ್ದಿ ಲಿಫ್ಟ್ ನಡೆಸುವವನಿಂದ ಸಿಕ್ಕಿತು. ಮೇಡಂ ಕಥೆ ನಿನಗೆ ನೂರು ಸಲ ಹೇಳಿದ್ದೇನೆ, ಪ್ರತಿ ಸಲವೂ ಸ್ವಲ್ಪ ಉಪ್ಪು ಖಾರ ಸೇರಿಸಿ. ಇವತ್ತು ಸೇರಿಸದೆ ಹೇಳುತ್ತೇನೆ. ಅವರು ಕಲಿಯಲು ಬಂದ ಹೊಸತರಲ್ಲಿ ಒಂದು ಕಾಲಿನ ಫಿಲ್ಮಿಗೆ ಎಡ ಬಲದ ಗುರುತು ಅದಲುಬದಲಾಗಿತ್ತು. ಅವರು ಬಲಗಾಲು ಎಂದು ಬರೆದು ಸಹಿ ಹಾಕುವುದರಲ್ಲಿದ್ದರು. ರೋಗಿಯನ್ನು ತಳ್ಳಿಕೊಂಡು ಬಂದವನು ನಾನು, ಬ್ಯಾಂಡೇಜು ಎಡಗಾಲಿಗಿದ್ದದ್ದನ್ನು ಕಂಡಿದ್ದೆ. "ಅಮ್ಮಾ, ಆ ಯಪ್ಪಂದು ಎಡಗಾಲು" ಅಂದೆ. ಅಷ್ಟೇ. ನೀನು ಕೇಳಿದ ಕಥೆಯಲ್ಲಿ ಚಾಕು ಹಿಡಿದು ನಿಂತ ಸರ್ಜನ್ ಇರುತ್ತಿದ್ದ, ನಾನು ಆಪರೇಷನ್ ಥಿಯೇಟರಿನ ಬಾಗಿಲು ಒದ್ದು ಒಳಗೆ ಹೋಗುತ್ತಿದ್ದೆ. ಸರ್ಜನ್ನೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಮೇಡಂ ಹೆಸರು ಉಳಿಸಿದವನು ನಾನೇ ಅಂತ ಅಷ್ಟು ವರ್ಷ ಹೇಳಿಕೊಂಡು ತಿರುಗಿದ ಮೇಲೆ ನನಗೇ ಅದು ನಿಜ ಅನ್ನಿಸಿಬಿಟ್ಟಿತ್ತು.

ನಿನ್ನ ಇಂಟರ್‌ವ್ಯೂಗೆ ಒಂದು ವಾರ ಮುಂಚೆ ಮೇಡಂ ಕೋಣೆಗೆ ನಾನೇ ಚಹಾ ತೆಗೆದುಕೊಂಡು ಹೋದೆ. ಅದು ನನ್ನ ಕೆಲಸವಲ್ಲ, ಕ್ಯಾಂಟೀನಿನವನ ಕೈಯಿಂದ ಕಿತ್ತುಕೊಂಡದ್ದು. ಸಾಸರ್ ಕೆಳಗೆ ಒಂದು ಚೀಟಿ ಇಟ್ಟಿದ್ದೆ. ಅದರಲ್ಲಿ ನಿನ್ನ ಕ್ರಮಸಂಖ್ಯೆ ನಲವತ್ತೇಳು, ನನ್ನ ಅತ್ಯುತ್ತಮ ದುಂಡಕ್ಷರದಲ್ಲಿ. "ಮೇಡಂ, ಇಪ್ಪತ್ತೊಂದಕ್ಕೆ ನಮ್ಮ ಹುಡುಗಿ ಬರ್ತಾಳೆ. ಸ್ವಲ್ಪ ನೋಡ್ಕೊಳಿ. ಹಳೇದೆಲ್ಲ ನೆನಪಿದೆಯಲ್ಲ?" ಅಂದೆ. ಆ ಕೊನೆಯ ಮಾತು ಹೇಳುವಾಗ ಕಣ್ಣು ಬೇರೆ ಮಿಟುಕಿಸಿದೆ.

ಮೇಡಂ ಕಪ್ ಎತ್ತಿದವರು ಹಾಗೇ ಕೆಳಗಿಟ್ಟರು. ಚೀಟಿ ನೋಡಿದರು. "ನೀವು ಇದನ್ನ ನನ್ನ ಹತ್ರ ಹೇಳಬಾರದಿತ್ತು" ಅಂದರು. ಬೈಗುಳದ ದನಿಯಲ್ಲಿ ಅಲ್ಲ, ಯಾರೋ ಸತ್ತ ಸುದ್ದಿ ಹೇಳುವ ದನಿಯಲ್ಲಿ. ದೊಡ್ಡವರು ಬಾಯಲ್ಲಿ ಹಾಗೆ ಅನ್ನಲೇಬೇಕಲ್ಲ, ಒಳಗೆ ಒಪ್ಪಿಗೆ ಇರುತ್ತದೆ ಅಂದುಕೊಂಡು ನಾನು ಸೀಟಿ ಹೊಡೆಯುತ್ತ ಹೊರಗೆ ಬಂದೆ. ಕ್ಯಾಂಟೀನಿನಲ್ಲಿ ಎಲ್ಲರಿಗೂ, "ನಮ್ಮ ಹುಡುಗೀದು ಆದ ಹಾಗೇ. ಯಾರು ಮಾಡಿಸಿದ್ದು ಅಂತ ಕೇಳಬೇಡಿ" ಅಂದೆ. ಯಾರೂ ಕೇಳಲಿಲ್ಲ. ಆದರೂ ಹೇಳಿದೆ.

ಇಂಟರ್‌ವ್ಯೂ ಮುಗಿಸಿ ಬಂದ ಸಂಜೆ ನಿನ್ನ ಮುಖ ನೋಡಬೇಕಿತ್ತು ನೀನು! ಶೂ ಬಿಚ್ಚದೆ ಅಡುಗೆಮನೆಗೆ ಓಡಿ ಬಂದೆ. ಹತ್ತು ಹತ್ತು ನಿಮಿಷದ ಮೂರು ಕೋಣೆ, ಒಂದರಲ್ಲೂ ತಡವರಿಸಲಿಲ್ಲ ಅಂದೆ. ಎದೆಯ ಫಿಲ್ಮಿನಲ್ಲಿ ಹೃದಯದ ಹಿಂದೆ ಅಡಗಿದ್ದ ಗಂಟನ್ನು ಕಂಡುಹಿಡಿದದ್ದನ್ನು ನಿಮ್ಮಮ್ಮನ ಬೆನ್ನ ಮೇಲೆ ಬೆರಳಿಟ್ಟು ತೋರಿಸಿದೆ. "ನೂರಕ್ಕೆ ಎಂಬತ್ತರ ಮೇಲೇ ಬರತ್ತೆ ಮಾಮ, ಬೇಕಾದ್ರೆ ಬರೆದಿಟ್ಕೋ" ಅಂದೆ. ಆಮೇಲೆ ಸುಮ್ಮನೆ ಒಂದು ಮಾತು ಸೇರಿಸಿದೆ. ಮೊದಲ ಕೋಣೆಯಲ್ಲಿ ಮೂರು ಕುರ್ಚಿ, ಇಬ್ಬರೇ ಕೂತಿದ್ದರು, ನಡುವಿನದು ಖಾಲಿ ಇತ್ತು ಅಂತ. ಅದು ಮೇಡಂ ಕುರ್ಚಿ ಇರಬಹುದು ಅಂತ ನನಗೆ ಹೊಳೆಯಿತು. "ನಿನ್ನನ್ನ ನೋಡಿ ಹೆದರಿ ಓಡಿಹೋಗಿರಬೇಕು" ಅಂದೆ. ನೀನು ನಕ್ಕೆ.

ಎರಡನೇ ತಾರೀಖು ಪಟ್ಟಿ ಬಂತು. ನಲವತ್ತಾರು ಇತ್ತು, ನಲವತ್ತೊಂಬತ್ತು ಇತ್ತು. ನೀನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಬೆರಳಾಡಿಸಿದೆ. ಕಾಯುವವರ ಪಟ್ಟಿಯಲ್ಲೂ ಹುಡುಕಿದೆ. ಕೊನೆಗೆ ಬೆರಳನ್ನು ನಲವತ್ತಾರರ ಕೆಳಗೇ ಇಟ್ಟುಕೊಂಡು ಅಲ್ಲಾಡದೆ ಕೂತೆ. ಭಾವ ಬಂದು ಆ ಬೆರಳನ್ನು ಎತ್ತಬೇಕಾಯಿತು.

ಮೊನ್ನೆ ಸೋಮವಾರ ಮೇಡಂ ನನ್ನನ್ನು ಒಳಗೆ ಕರೆದು ಕಾರಣ ತಿಳಿಸಿದರು. ನನಗೆ ಗೊತ್ತಾದದ್ದು ಅವತ್ತೇ. ಅಭ್ಯರ್ಥಿಯಾಗಲಿ, ಅಭ್ಯರ್ಥಿಯ ಕಡೆಯವರಾಗಲಿ ಮಂಡಳಿಯವರನ್ನು ಕಂಡು ಶಿಫಾರಸು ಮಾಡಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದಂತೆ. ನಾನು ಚಹಾ ಕೊಟ್ಟುಬಂದ ದಿನವೇ ಮೇಡಂ ಚೀಟಿಯನ್ನು ಮಂಡಳಿಗೆ ಒಪ್ಪಿಸಿ, ಕುರ್ಚಿ ಬಿಟ್ಟು ಎದ್ದರಂತೆ. ನಿನ್ನ ಇಂಟರ್‌ವ್ಯೂ ನಡೆಸಿ, ಆಮೇಲೆ ಕೂತು ಮಾತಾಡಿ, ನಲವತ್ತೇಳನ್ನು ತೆಗೆದುಹಾಕಿದರಂತೆ. ಇದೆಲ್ಲ ನೀನು ಸಹಿ ಹಾಕಿದ ಅರ್ಜಿಯ ಹನ್ನೊಂದನೇ ನಿಯಮದಲ್ಲೇ ಇದೆ. ಅದಕ್ಕೆ ಸಾಕ್ಷಿಯ ಸಹಿ ಹಾಕಿದವನು ನಾನು. ನೀನು ಓದಿ ಹೇಳಲು ಹೊರಟಾಗ, "ಎಲ್ಲ ಗೊತ್ತು, ಎಲ್ಲಿ ಹಾಕಬೇಕು ಅಷ್ಟು ಹೇಳು" ಅಂದು, ಕೆಳಗೆ ಎರಡು ಗೆರೆ ಎಳೆದು, ಎರಡು ಚುಕ್ಕೆ ಇಟ್ಟು ಸಹಿ ಮಾಡಿದ್ದೆ.

ಮೇಡಂ ಮೇಲೆ ಸಿಟ್ಟಾಗಬೇಡ. ನಾನು ಎರಡು ದಿನ ಸಿಟ್ಟಾಗಿ ನೋಡಿದೆ, ಸಿಟ್ಟು ನಿಲ್ಲಲಿಲ್ಲ. ಎಡಗಾಲನ್ನು ಎಡಗಾಲು ಅಂತ ಬರೆಯುವವರು ಅವರು.

ಯಾಕೆ ಮಾಡಿದೆ ಅಂತ ನೀನು ಕೇಳುತ್ತೀಯ. ನಮ್ಮಂಥವರಿಗೆ ಹಿಂದಿನಿಂದ ಯಾರಾದರೂ ತಳ್ಳದಿದ್ದರೆ ಯಾವ ಬಾಗಿಲೂ ತೆಗೆಯುವುದಿಲ್ಲ, ಅದಕ್ಕೇ ಮಾಡಿದೆ ಅಂತ ಬರೆಯೋಣ ಅಂದುಕೊಂಡಿದ್ದೆ. ಮೊದಲ ಮೂರು ಹಾಳೆಯಲ್ಲಿ ಅದನ್ನೇ ಬರೆದಿದ್ದೆ. ಓದಲು ಚೆನ್ನಾಗಿತ್ತು. ಆದರೆ ನಿಜ ಅದಲ್ಲ. ನೀನು ಗೆಲ್ಲುತ್ತೀಯ ಅಂತ ನನಗೆ ಗೊತ್ತಿತ್ತು. ನಿನ್ನಷ್ಟಕ್ಕೆ ನೀನೇ ಗೆದ್ದುಬಿಟ್ಟರೆ ಕ್ಯಾಂಟೀನಿನಲ್ಲಿ ಕೂತು ಹೇಳಿಕೊಳ್ಳುವುದಕ್ಕೆ ನನಗೇನು ಉಳಿಯುತ್ತಿತ್ತು? ಸ್ಟ್ರೆಚರ್ ತಳ್ಳುವವನ ಸೋದರಸೊಸೆ ದೊಡ್ಡ ಡಾಕ್ಟರಾದಳು ಅನ್ನುವುದು ನಿನ್ನ ಕಥೆ. ಅವಳನ್ನು ಮಾಡಿದವನು ನಾನು ಅನ್ನಿಸಿಕೊಳ್ಳುವ ಆಸೆ ನನಗೆ. ಒಂದು ಕಣ್ಣು ಮಿಟುಕಿಸುವಷ್ಟು ಪಾಲು ಬೇಕಿತ್ತು ನನಗೆ, ಅಷ್ಟೇ. ಅಷ್ಟಕ್ಕೆ ನಿನ್ನ ಮೂರು ವರ್ಷ ಹೋಯಿತು.

ಈಗ ಇದನ್ನು ಎರಡು ಸಲ ಓದು. ನಿನಗೆ ನೂರಕ್ಕೆ ಎಂಬತ್ತೊಂಬತ್ತು ಬಂದಿದೆ. ಮೇಡಂ ಹೇಳಿದ್ದು. ಎಂಬತ್ತರ ಮೇಲೆ ಅಂದಿದ್ದೆಯಲ್ಲ, ಸರಿಯಾಗಿಯೇ ಕಂಡಿತ್ತು ನಿನಗೆ. ಆ ಮುದುಕನ ಮಣಿಕಟ್ಟೂ ಮುರಿದೇ ಇದೆ. ಇನ್ನು ಯಾರನ್ನೂ ಕೇಳಬೇಡ. ಪಟ್ಟಿಯ ವಿಷಯಕ್ಕೆ ಮಾತ್ರ ಇನ್ನು ಏನೂ ಮಾಡುವ ಹಾಗಿಲ್ಲವಂತೆ. ಕೊಟ್ಟಿರುವ ರಾಜೀನಾಮೆಯನ್ನಾದರೂ ವಾಪಸ್ ತಗೋ. ಆ ಕೋಣೆಯಲ್ಲಿ ಕೂತು ಫಿಲ್ಮ್ ಓದುವ ಭಾಗ್ಯ ನಿನಗೆ ಸಿಗುವುದಿಲ್ಲ, ಅದನ್ನು ನಾನು ಕಳೆದೆ. ಆದರೆ ಎಮರ್ಜೆನ್ಸಿಯಲ್ಲಿ ನಿನ್ನ ಮುಂದೆ ಮಲಗುವವರಿಗೆ ನಿನ್ನ ಕಣ್ಣು ಬೇಕು. ನನ್ನ ತಪ್ಪಿನ ಗೂಬೆಯನ್ನು ನಿನ್ನ ತಲೆಯ ಮೇಲೆ ನೀನೇ ಕೂರಿಸಿಕೊಂಡು ತಿರುಗಬೇಡ.

ನಿಮ್ಮಮ್ಮನಿಗೂ ಭಾವನಿಗೂ ಇವತ್ತು ಊಟಕ್ಕೆ ಕೂತಾಗ ಹೇಳುತ್ತೇನೆ. ಭಾವ ಕೈ ಎತ್ತುವವರಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ನನ್ನ ಮುಖ ನೋಡಬೇಡ ಅಂತ ನಿನಗೆ ಅನ್ನಿಸಿದರೆ ನೋಡಬೇಡ. ನೀನು ಮನೆಗೆ ಬರುವುದಾದರೆ ನಾನು ಮಹಡಿಯ ಕೋಣೆ ಖಾಲಿ ಮಾಡಿ ಆಸ್ಪತ್ರೆಯ ಹಿಂದಿನ ಸಾಲುಮನೆಗೆ ಹೋಗುತ್ತೇನೆ, ಅಲ್ಲಿ ಹಳೆಯ ಕೆಲಸಗಾರರಿಗೆ ಜಾಗ ಕೊಡುತ್ತಾರೆ. ಇನ್ನು ನನ್ನ ಹೊಟ್ಟೆಯಲ್ಲಿ ಏನೂ ಉಳಿದಿಲ್ಲ. ಇದ್ದದ್ದನ್ನೆಲ್ಲ ಹೇಳಿದ್ದೇನೆ. ಹೀಗೆ ಒಂದೂ ಸುಳ್ಳಿಲ್ಲದೆ ಐದು ಪುಟ ತುಂಬಿಸಿದ್ದು ಜನ್ಮದಲ್ಲಿ ಇದೇ ಮೊದಲು.

ನಿನ್ನನ್ನು ಎತ್ತಿ ಆಡಿಸಿದ, ಕೆಡಿಸಿದ
ನಿನ್ನ ಮಾಮ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ. ಸೋಮವಾರ ಮೇಡಂ ನನಗೆ ಕಾರಣ ಹೇಳಲಿಲ್ಲ. ಕಾರಣ ನನಗೆ ಐದನೇ ತಾರೀಖೇ ಗೊತ್ತಿತ್ತು. ನೀನು ಹೋದ ಮಾರನೇ ದಿನ ನಿನ್ನ ಹೆಸರಿಗೆ ರಿಜಿಸ್ಟರ್ ಪತ್ರ ಬಂತು. ಮನೆಯಲ್ಲಿ ನಾನೊಬ್ಬನೇ ಇದ್ದೆ. ಸಹಿ ಹಾಕಿ ತಗೊಂಡು ಒಡೆದು ಓದಿದೆ. ನಿಯಮ, ಚೀಟಿ, ಎಂಬತ್ತೊಂಬತ್ತು, ಎಲ್ಲ ಅದರಲ್ಲೇ ಇತ್ತು. ಕೊನೆಯಲ್ಲಿ ಇನ್ನೊಂದು ಸಾಲು ಇತ್ತು. ಈ ಶಿಫಾರಸು ನಿನಗೆ ತಿಳಿಯದೆ ನಡೆದಿದ್ದರೆ ಹಾಗೆಂದು ನೀನೇ ಬರೆದು ಕಳಿಸಬೇಕು, ಹದಿನೇಳನೇ ತಾರೀಖು ಸಂಜೆ ಐದರೊಳಗೆ ತಲುಪಿದರೆ ಮರುಪರಿಶೀಲನೆ ಮಾಡುತ್ತೇವೆ ಅಂತ. ನಾಳೆ ಕೊಡೋಣ, ಭಾನುವಾರ ಕೊಡೋಣ ಅಂತ ಅದನ್ನು ಹಾಸಿಗೆಯಡಿ ಇಟ್ಟುಕೊಂಡು ಮಲಗಿದೆ. ನೀನು ಓದಿದರೆ ನಾನೇ ಅಂತ ಗೊತ್ತಾಗುತ್ತಿತ್ತು. ಈ ಮನೆಯಲ್ಲಿ ನನ್ನ ಮಾತಿಗೆ ನಗುವವಳು ನೀನೊಬ್ಬಳೇ. ನಿನ್ನೆ ಅವರ ಕಚೇರಿಗೆ ಫೋನ್ ಮಾಡಿ ಯಾರೋ ಬೇರೆಯವರ ಹಾಗೆ ದನಿ ಬದಲಿಸಿ ಕೇಳಿದೆ. "ಹದಿನೇಳು ಅಂದ್ರೆ ಹದಿನೇಳೇ ಯಜಮಾನ್ರೇ" ಅಂತ ಇಟ್ಟುಬಿಟ್ಟರು. ಆ ಪತ್ರ ಇದರ ಜೊತೆಗೇ ಇದೆ.

ಸೋಮವಾರ ಮೇಡಂ ನನ್ನನ್ನು ಕರೆದದ್ದು ನಿಜ. ಕೇಳಿದ್ದು ಒಂದೇ ಮಾತು. "ನಿಮ್ಮ ಹುಡುಗಿ ಉತ್ತರ ಕಳಿಸಿದ್ಲಾ? ನಾಳೆ ಕೊನೇ ದಿನ. ಅವಳು ಬರೆದುಕೊಟ್ರೆ ಅವಳಿಗೆ ಗೊತ್ತಿರಲಿಲ್ಲ ಅಂತ ನಾನೂ ಹೇಳ್ತೀನಿ." ಇನ್ನೂ ಒಂದು ದಿನ ಇತ್ತು ಮಗಳೇ. ನಾನು ಎದೆ ಉಬ್ಬಿಸಿ, "ಓ, ಅವತ್ತೇ ಕಳಿಸಿದ್ಲು ಮೇಡಂ. ನಮ್ಮ ಹುಡುಗಿ ಯಾವುದ್ರಲ್ಲೂ ಹಿಂದೆ ಬೀಳೋಳಲ್ಲ" ಅಂದೆ. "ಸದ್ಯ, ಒಳ್ಳೇದಾಯ್ತು" ಅಂತ ಮೇಡಂ ನಕ್ಕರು.